ಬೀಗಿತ್ತಿಯ ಹೊಸ ಹಲ್ಲು

ಅಹಮದಾಬಾದಿನಿಂದ ಸೂರತ್ತಿನವರೆಗೆ ಕನ್ನಡದವರ ಮದುವೆ ಎಲ್ಲಿ ನಡೆದರೂ, ಪುರೋಹಿತರಿಗೆ ಹೇಳಿದ ಮೇಲೆ ಹೇಳಿಕಳಿಸುತ್ತಿದ್ದುದು ರುಕ್ಮಿಣಿಬಾಯಿಗೆ. ಅಡಿಗೆಯವನು ಆಮೇಲೆ. ಮಂತ್ರವನ್ನು ಯಾರಾದರೂ ಹೇಳಿಯಾರು, ಹೋಳಿಗೆಯನ್ನೂ ಯಾರಾದರೂ ಲಟ್ಟಿಸಿಯಾರು. ಆದರೆ ಬೀಗರನ್ನು ಎದುರಿಗೆ ಕೂಡಿಸಿಕೊಂಡು, ಅವರ ಮೂಗು, ಹೊಟ್ಟೆ, ಬೋಳುತಲೆ, ಜಿಪುಣತನ ಯಾವುದನ್ನೂ ಬಿಡದೆ ಹಾಡು ಕಟ್ಟಿ ಜರೆದು, ಜರೆಸಿಕೊಂಡವರೇ ಬಿದ್ದು ಬಿದ್ದು ನಗುವಂತೆ ಮಾಡುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಧಾರವಾಡದ ಕಡೆಯವರಿಗೆ ಬೀಗರ ಹಾಡಿಲ್ಲದ ಮದುವೆಯೆಂದರೆ ಉಪ್ಪಿಲ್ಲದ ಸಾರು. ಮುಂಬೈ ರಾಜ್ಯ ಇನ್ನೂ ಒಂದೇ ಆಗಿದ್ದಾಗ ಭೀಮಸೇನರಾಯರು ವರ್ಗವಾಗಿ ಅಹಮದಾಬಾದಿಗೆ ಬಂದರು, ಪೆನ್ಶನ್ ಆದಮೇಲೆ ಮಣಿನಗರದಲ್ಲೇ ಉಳಿದರು. ಟ್ರಂಕು ಹಾಸಿಗೆಗಳ ಜೊತೆಗೆ ಅವರ ಹೆಂಡತಿ ರುಕ್ಮಿಣಿಬಾಯಿ ಈ ವಿದ್ಯೆಯನ್ನೂ ಹೊತ್ತುಕೊಂಡು ಬಂದಿದ್ದಳು.

ಜಟ್ಟಿ ಎಂದಮೇಲೆ ಎದುರಾಳಿ ಬೇಕು. ಆಕೆ ಸೂರತ್ತಿನಲ್ಲಿದ್ದಳು, ಶಾಂತಾಬಾಯಿ. ವಯಸ್ಸಿನಲ್ಲಿ ರುಕ್ಮಿಣಿಬಾಯಿಗಿಂತ ಚಿಕ್ಕವಳು, ದನಿಯಲ್ಲಿ ದೊಡ್ಡವಳು. ಹೆಣ್ಣಿನ ಕಡೆಯವರು ಒಬ್ಬಳನ್ನು ಕರೆದರೆ ಗಂಡಿನ ಕಡೆಯವರು ಇನ್ನೊಬ್ಬಳನ್ನು ಕರೆಯುವುದು ರೂಢಿಯೇ ಆಗಿಹೋಗಿತ್ತು. ರುಕ್ಮಿಣಿಬಾಯಿಯ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ ಹಲ್ಲಿನ ಹೆಗಲೇರಿ ಮುಂದೆ ಬಂದಿತ್ತು. ಶಾಂತಾಬಾಯಿಗೆ ಅಷ್ಟು ಸಿಕ್ಕರೆ ಸಾಕಲ್ಲ!

ಬೀಗಿತ್ತಿ ಬರೂಕಿಂತ ಮೊದಲ ಬಂತ ಅಕಿ ಹಲ್ಲು
ಬಾಗಿಲಾಗ ನಿಂತು ಕೇಳ್ತು, ಎಲಿ ಹಾಕ್ಯಾರೇನು?

ಈ ಹಾಡಿಗೆ ಮಂದಿ ಯಾವ ಮದುವೆಯಲ್ಲಿ ನಗಲಿಲ್ಲ? ರುಕ್ಮಿಣಿಬಾಯಿಯೂ ಅಲ್ಲಿ ನಗುತ್ತಿದ್ದಳು. ಮನೆಗೆ ಬಂದು ಕನ್ನಡಿ ನೋಡಿಕೊಂಡು ಶಾಂತಾಬಾಯಿಯ ಹೆಸರು ಹಿಡಿದು ಬೈಯುತ್ತಿದ್ದಳು. ಬೈಯುತ್ತಲೇ ಮುಂದಿನ ಮದುವೆಗೆ ಉತ್ತರ ಕಟ್ಟುತ್ತಿದ್ದಳು.

ಈ ಜರೆಯುವ ಹಾಡಿಗೂ ಒಂದು ಕಟ್ಟಳೆ ಉಂಟು. ಸೂತಕದ ಮನೆಯವರನ್ನು, ಬೇನೆ ಬಿದ್ದವರನ್ನು, ಹಣ್ಣುಹಣ್ಣಾಗಿ ಮೂಲೆ ಹಿಡಿದವರನ್ನು ಹಾಡಿನಲ್ಲಿ ಎಳೆಯಬಾರದು. ದಾರಿಯಲ್ಲಿ ಮಲಗಿದವರನ್ನು ದಾಟದೆ ಬಳಸಿಕೊಂಡು ಹೋಗುವ ಹಾಗೆ, ಅಂಥವರ ಹೆಸರನ್ನು ಬಳಸಿಕೊಂಡು ಹೋಗಬೇಕು. ಒಟ್ಟಿನಲ್ಲಿ, ಗಟ್ಟಿಮುಟ್ಟಾಗಿ ಬದುಕಿದ್ದೀರಿ ಎಂದು ಒಪ್ಪಿಕೊಂಡವರಿಗಷ್ಟೇ ಬೈಗುಳ.

ಆ ವರ್ಷದ ದೀಪಾವಳಿಯ ಹೊತ್ತಿಗೆ ಒಂದು ಸಂಬಂಧ ಕೂಡಿಬಂತು. ರುಕ್ಮಿಣಿಬಾಯಿಯ ಮಗಳು ತಾರಾ ಬಡೋದೆಯಲ್ಲಿದ್ದಳು, ಅಳಿಯನಿಗೆ ರೈಲ್ವೆಯಲ್ಲಿ ನೌಕರಿ. ಅವರ ಮಗಳು ಹೇಮಲತಾಳನ್ನು ಸೂರತ್ತಿನ ಪಕ್ಕದ ಉಧ್ನಾದ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಕೇಶವನಿಗೆ ಕೊಡುವುದೆಂದು ಮಾತಾಯಿತು. ಕೇಶವ ಬೇರೆ ಯಾರೂ ಅಲ್ಲ, ಶಾಂತಾಬಾಯಿಯ ಕಿರಿಯ ಮಗ. ಇಷ್ಟು ದಿನ ಕಂಡವರ ಮದುವೆಯಲ್ಲಿ ಬೀಗಿತ್ತಿಯರ ವೇಷ ಹಾಕಿ ಜಗಳಾಡಿದವರು ಈಗ ನಿಜವಾದ ಬೀಗಿತ್ತಿಯರಾಗುವ ಕಾಲ ಬಂತು. ವೈಶಾಖದಲ್ಲಿ ಮದುವೆ, ಬಡೋದೆಯಲ್ಲಿ. ಮೂರೂ ಊರಿನ ಹೆಂಗಸರು ಮದುಮಕ್ಕಳ ಸುದ್ದಿ ಬಿಟ್ಟು ಇವರಿಬ್ಬರ ಸುದ್ದಿಯನ್ನೇ ಮಾತಾಡಿದರು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅದೇ ಚಳಿಗಾಲದಲ್ಲಿ ರುಕ್ಮಿಣಿಬಾಯಿಯ ವಸಡು ಬಾತು, ರಕ್ತ ಸೋರಿ, ಹಲ್ಲುಗಳೆಲ್ಲ ಅಲುಗಾಡತೊಡಗಿದವು. ರಿಲೀಫ್ ರೋಡಿನ ಮಾಳಿಗೆಯ ಮೇಲಿದ್ದ ಪಾರಸಿ ಡಾಕ್ಟರು, ಪೆಸ್ತನ್‌ಜಿ ಎಂಬವರು, ಬಾಯೊಳಗೆ ಕನ್ನಡಿ ಹಾಕಿ ನೋಡಿ, ಒಂದೂ ಉಳಿಯುವುದಿಲ್ಲ, ಎಲ್ಲ ತೆಗೆಯಬೇಕು ಎಂದರು. ವಾರಕ್ಕೆ ನಾಲ್ಕರಂತೆ ತೆಗೆದರು. ಹೆಗಲೇರಿ ನಿಂತ ಹಲ್ಲು ಎಲ್ಲಕ್ಕೂ ಕಡೆಗೆ ಹೋಯಿತು, ಅದಕ್ಕೂ ಒಂದು ಜಂಬ.

ಬೋಳು ವಸಡು ಗಟ್ಟಿಯಾಗುವವರೆಗೆ ರುಕ್ಮಿಣಿಬಾಯಿ ಬಾಯಿಗೆ ಸೆರಗು ಹಿಡಿದೇ ಓಡಾಡಿದಳು. ಅರಿಸಿನ ಕುಂಕುಮಕ್ಕೆ ಹೋಗುವುದನ್ನೂ ಬಿಟ್ಟಳು. ಒಂದು ದಿನ ಬಚ್ಚಲಲ್ಲಿ, ನೀರು ಬೀಳುವ ಸದ್ದಿನ ಮರೆಯಲ್ಲಿ ಹಾಡಿ ನೋಡಿದಳು. ಮಾತೆಲ್ಲ ನೆನೆಹಾಕಿದ ಅವಲಕ್ಕಿಯ ಹಾಗೆ ಮೆತ್ತಗಾಗಿ ಬಂತು. ಜರೆಯುವ ಹಾಡು ಮೆತ್ತಗಾದರೆ ಅದು ಜೋಗುಳ. ಆಕೆ ತಂಬಿಗೆಯನ್ನು ಕುಕ್ಕಿ ಹೊರಗೆ ಬಂದಳು.

"ಮದುವಿಯೊಳಗ ನಾ ಹಾಡಬೇಕು," ಎಂದಳು ರಾಯರಿಗೆ. "ಹಲ್ಲು ಊಟಕ್ಕ ಬರಲಿಕ್ಕಿಲ್ಲಂದ್ರೂ ನಡೀತದ. ಹಾಡಿಗೆ ಬರಬೇಕು. ಆ ಡಾಕ್ಟರಗ ಅಷ್ಟು ತಿಳಿಸಿ ಹೇಳ್ರಿ."

ಚೈತ್ರದಲ್ಲಿ ಅಳತೆ ಕೊಟ್ಟದ್ದಾಯಿತು. ಹಲ್ಲು ಆರಿಸುವ ದಿನ ಪೆಸ್ತನ್‌ಜಿ ಒಂದು ಪೆಟ್ಟಿಗೆ ತೆರೆದರು. ಒಳಗೆ ಸಾಲುಸಾಲಾಗಿ ಹಲ್ಲುಗಳು: ದೊಡ್ಡವು, ಚಿಕ್ಕವು, ಹಾಲಿನ ಬಣ್ಣದವು, ತುಪ್ಪದ ಬಣ್ಣದವು. ರುಕ್ಮಿಣಿಬಾಯಿಗೆ ಬಳೆಗಾರನ ಮುಂದೆ ಕೂತ ಹಾಗಾಯಿತು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಸ್ವಲ್ಪ ಹಳದಿ ಇರಲಿ," ಎಂದರು ರಾಯರು. "ಮೊದಲಿನ ಹಂಗ ಕಾಣ್ತಾವ."

"ನನ್ನ ಹಲ್ಲು ಹಳದಿ ಇದ್ದುವೇನು?"

ರಾಯರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದತೊಡಗಿದರು.

ಡಾಕ್ಟರು ಹಿಂದಿಯಲ್ಲಿ ಏನೋ ಕೇಳಿದರು. ರಾಯರು ಕನ್ನಡಕ್ಕೆ ತಂದರು: "ನಿನ್ನ ಮುಂದಿನ ಹಲ್ಲು ಒಂದು ಸೊಟ್ಟ ಇತ್ತಲ್ಲ, ಬೇಕಿದ್ರ ಇದರಾಗೂ ಹಂಗ ಕೂಡಸತಾರಂತ. ಮಂದಿಗೆ ಗುರುತಿನ ಮುಖ ಉಳೀತದ ಅಂತಾರ."

"ಬ್ಯಾಡ್ರೀ ಯಪ್ಪಾ!" ಎಂದಳು ರುಕ್ಮಿಣಿಬಾಯಿ. "ಸಾಲು ಹಿಡದು ನಿಲ್ಲಸ್ರಿ, ಪೊಲೀಸರು ಕವಾಯತಿಗೆ ನಿಂತಂಗ. ಈಗ ಶಾಂತಾ ಏನ ಹಿಡಕೊಂಡು ಹಾಡತಾಳ, ನೋಡೇ ಬಿಡೂಣು."

ಮೇಣದ ಮೇಲೆ ಹಲ್ಲು ಕೂಡಿಸಿ ಬಾಯಿಗೆ ಹಾಕಿ ನೋಡುವ ದಿನ, ಏನಾದರೂ ಮಾತಾಡಿ ಎಂದರು ಡಾಕ್ಟರು. ರುಕ್ಮಿಣಿಬಾಯಿ ಮಾತಾಡಲಿಲ್ಲ. ಗಂಟಲು ಸರಿಮಾಡಿಕೊಂಡು ಹಾಡಿಯೇ ಬಿಟ್ಟಳು.

ಇದ್ದ ಹಲ್ಲ ಕಿತ್ತುಕೊಂಡ, ಇಲ್ಲದ್ದ ಹಲ್ಲ ಮಾರತಾನ
ಇವನ ಮನಿ ದೀಪಾ ಉರಿಯೂದು ಯಾರ ಬಾಯಿ ಎಣ್ಣಿಲೆ?

ಪೆಸ್ತನ್‌ಜಿ ಕಣ್ಣು ಮುಚ್ಚಿ, ಭಕ್ತಿಯಿಂದ ತಲೆಯಾಡಿಸಿ ಕೇಳಿದರು. ಭಜನೆಯೇ ಎಂದು ವಿಚಾರಿಸಿದರು. ಹೌದು, ಧನ್ವಂತರಿಯ ಸ್ತೋತ್ರ ಎಂದುಬಿಟ್ಟರು ರಾಯರು. ಡಾಕ್ಟರಿಗೆ ಅದೆಷ್ಟು ಸಂತೋಷವಾಯಿತೆಂದರೆ, ಅಂಗುಳಿನ ಪಟ್ಟಿಯನ್ನು ಇನ್ನಷ್ಟು ತೆಳ್ಳಗೆ ಮಾಡಿಕೊಡುತ್ತೇನೆ, ನಾಲಿಗೆ ಸಲೀಸಾಗಿ ಆಡಲಿ ಎಂದರು. ಮೆಟ್ಟಿಲಿಳಿಯುವಾಗ ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಿದ್ದರೆ ನಗು ತಡೆಯುತ್ತಿರಲಿಲ್ಲ.

ಹೊಸ ಹಲ್ಲು ಮನೆಗೆ ಬಂತು. ನೋಡಲು ಚೆಂದ, ಒಗೆತನಕ್ಕೆ ಕಷ್ಟ. ಬಾಯೊಳಗೆ ಬೇರೆಯವರ ಸಾಮಾನು ತುಂಬಿಟ್ಟುಕೊಂಡ ಹಾಗಿತ್ತು. ಕೆಳಗಿನದು ಕಪ್ಪೆಯಂತೆ ಜಿಗಿಯುತ್ತಿತ್ತು. ಮೇಲಿನದು ಸೀನಿದರೆ ಕಳಚುತ್ತಿತ್ತು. ವಸಡು ಹುಣ್ಣಾಯಿತು, ಡಾಕ್ಟರು ಅಲ್ಲಲ್ಲಿ ಉಜ್ಜಿ ಕೊಟ್ಟರು. ಅನ್ನ, ಖಿಚಡಿ ಸುಲಭವಾಗಿ ಹೋದವು. ರೊಟ್ಟಿಯ ಮುಂದೆ ಮಾತ್ರ ಹಲ್ಲು ಸೋಲೊಪ್ಪಿಕೊಂಡಿತು. 'ಸ' ಎಂದಲ್ಲೆಲ್ಲ ಒಂದು ಸೀಟಿ ಕೇಳಿಸುತ್ತಿತ್ತು, ಹಾಡು ಹೇಳುತ್ತ ಯಾರನ್ನೋ ಕರೆದ ಹಾಗೆ.

ರಾತ್ರಿ ತೆಗೆದಿಡುವುದು ಇನ್ನೊಂದು ತೊಡಕು. ಎಂಜಲಿನ ವಸ್ತು, ಅಡಿಗೆಮನೆಯ ಪಾತ್ರೆ ಯಾವುದೂ ನಡೆಯದು. ಕಿವಿ ಮುರಿದ ಒಂದು ಪಿಂಗಾಣಿ ಕಪ್ಪನ್ನು ಬಚ್ಚಲ ಗೂಡಿನಲ್ಲಿ ಅದಕ್ಕೆಂದೇ ಇಟ್ಟದ್ದಾಯಿತು. ಆದರೆ ಬಾಯಿಂದ ಹೊರಬಿದ್ದ ಹಲ್ಲನ್ನು ನೋಡುವುದು ರುಕ್ಮಿಣಿಬಾಯಿಯಿಂದ ಆಗುತ್ತಿರಲಿಲ್ಲ. "ನನ್ನ ಬಾಯಿ ನನ್ನ ನೋಡಿ ಹಲ್ಲ ಕಿಸೀತದ," ಎಂದು ಮುಖ ತಿರುಗಿಸುತ್ತಿದ್ದಳು. ಹಾಗಾಗಿ ಮಲಗುವ ಮುಂಚೆ ರಾಯರ ಅಂಗೈಗೆ ಕೊಟ್ಟುಬಿಡುವಳು. ಅವರು ಪುಡಿ ಹಾಕಿ ತಿಕ್ಕಿ, ತೊಳೆದು, ಕಪ್ಪಿನಲ್ಲಿಡುವರು. ಬೆಳಿಗ್ಗೆ ಅವಳು ಬೇರೆ ಕಡೆ ನೋಡುತ್ತ ಕೈಚಾಚುವಳು, ಅವರು ಬೇರೆ ಕಡೆ ನೋಡುತ್ತ ಕೊಡುವರು. ಇಷ್ಟು ವರ್ಷದ ಸಂಸಾರದಲ್ಲಿ ರಾಯರು ಒಂದು ಲೋಟ ತೊಳೆದವರಲ್ಲ. ಈ ಸಂಗತಿಯನ್ನು ಇಬ್ಬರೂ ಯಾರ ಮುಂದೂ ಬಾಯಿಬಿಡಲಿಲ್ಲ.

ಬೆಳಗಿನ ತಂಪಿನಲ್ಲಿ ಮಾಳಿಗೆ ಹತ್ತಿ ಆಕೆ ಹಾಡಿನ ಸಾಧನೆ ನಡೆಸಿದಳು. ಸೂರತ್ತಿನವರನ್ನು ನೆನೆದು ನೆನೆದು ಬೈದಳು. ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಒಣಹಾಕುತ್ತಿದ್ದ ಶಾರದಾಬೆನ್ ಒಂದು ದಿನ ರಾಯರನ್ನು ತಡೆದು, ರುಕ್ಮಿಣಿಬಾಯಿಗೆ ದಿನಾ ಇಷ್ಟೊಂದು ಸಿಟ್ಟು ಯಾರ ಮೇಲೆ, ಮನೆಯಲ್ಲಿ ಎಲ್ಲ ಕುಶಲವೇ ಎಂದು ಮೆಲ್ಲಗೆ ಕೇಳಿದಳು. ರಾಯರು ಈ ಸಲವೂ ಸ್ತೋತ್ರವೆಂದೇ ಹೇಳಿ ಪಾರಾದರು. ದಿನಗಳು ಹೋದಂತೆ ಸೀಟಿ ಸಣ್ಣದಾಯಿತು. ನಾಲಿಗೆ ಹೊಸ ಗೋಡೆಗಳನ್ನು ತಡವಿ ತಡವಿ ತನ್ನ ಜಾಗಗಳನ್ನು ಗುರುತಿಸಿಕೊಂಡಿತು. ಮದುವೆಯ ದಿನ ಬರುವಷ್ಟರಲ್ಲಿ ಹಾಡಿನಲ್ಲಿ ಮೊದಲಿನ ಖಾರ ಮರಳಿತ್ತು.

ಬಡೋದೆಯಲ್ಲಿ ಮಗಳು ತಾರಾ ಬಾಗಿಲಲ್ಲೇ ತಾಯಿಯ ಮುಖವನ್ನು ನೋಡಿ, "ಅವ್ವಾ, ಹಲ್ಲು ಛಲೋ ಒಪ್ಯಾವ," ಎಂದಳು. ಮರುಕ್ಷಣಕ್ಕೇ, "ಈ ಸಲ ನೀ ಹಾಡೂದು ಬ್ಯಾಡ. ಆರಾಮ ಕೂತು ಮೊಮ್ಮಗಳ ಮದುವಿ ನೋಡು. ಹಾಡೂವಾಗ ಏನರೆ ಆದ್ರ... ನಾಕು ಮಂದ್ಯಾಗ..." ಎಂದಳು.

"ಏನಾಗತದ? ಹಲ್ಲು ಬೀಳತಾವ. ಮೊದಲೂ ಬಿದ್ದಾವ," ಎಂದು ರುಕ್ಮಿಣಿಬಾಯಿ ಒಳಗೆ ನಡೆದಳು.

ತಾರಾ ತಾಯಿಯ ಮಗಳೇ, ಅಷ್ಟಕ್ಕೆ ಸುಮ್ಮನಾಗಲಿಲ್ಲ. ಆದರೆ ಆಕೆ ಮಾಡಿದ್ದು ಆಮೇಲೆ ತಿಳಿದದ್ದು.

ಲಗ್ನ ಸಾಂಗವಾಗಿ ಮುಗಿಯಿತು. ಸಂಜೆ ರೈಲ್ವೆ ಕಾಲೊನಿಯ ಸಭಾಂಗಣದಲ್ಲಿ ಉರುಟಣೆ. ಮದುಮಕ್ಕಳು ಎದುರುಬದುರು ಮಣೆಯ ಮೇಲೆ ಕೂತು ಒಬ್ಬರ ಕೆನ್ನೆಗೊಬ್ಬರು ಅರಿಸಿನ ಹಚ್ಚುವ ಹೊತ್ತು. ಒಂದು ಕಡೆ ಹೆಣ್ಣಿನವರು, ಇನ್ನೊಂದು ಕಡೆ ಗಂಡಿನವರು ಜಮಖಾನೆ ತುಂಬಿ ಕೂತರು. ನಡುವೆ ಸೂರತ್ತಿನ ಶಾಂತಾಬಾಯಿ ಹಸಿರು ಇಳಕಲ್ ಸೀರೆಯಲ್ಲಿ, ತೇರಿನ ಹಾಗೆ ಅಗಲವಾಗಿ ಕೂತಿದ್ದಳು. ಗಂಡಸರೂ ಕಂಬಗಳಿಗೆ ಒರಗಿ ಕಿವಿ ಚುರುಕು ಮಾಡಿಕೊಂಡರು.

ರುಕ್ಮಿಣಿಬಾಯಿ ಅಂಗುಳಿಗೆ ನಾಲಿಗೆ ಒತ್ತಿ, ಹಲ್ಲು ಭದ್ರವಿದೆಯೆಂದು ನೋಡಿಕೊಂಡು, ಎತ್ತಿಕೊಂಡಳು.

ಸೂರತ್ತಿನ ಬೀಗಿತ್ತಿ ಸೀದಾ ಹೋದ್ಲು ಅಡಿಗಿಮನಿಗೆ
ಸೊಸಿ ಮಾರಿ ಆಮ್ಯಾಲಾತು, ಘಾರಿ ಎಲ್ಲ್ಯಾವ ಅಂದ್ಲು

ಸೂರತ್ತಿನವರ ತಿಂಡಿಪೋತತನವನ್ನೂ ಅವರ ತುಪ್ಪ ಸುರಿಯುವ ಘಾರಿಯೆಂಬ ಸಿಹಿಯನ್ನೂ ಗುಜರಾತಿನಲ್ಲಿ ಅರಿಯದವರಿಲ್ಲ. ಸಭೆಯೆಲ್ಲ ನಕ್ಕಿತು. 'ಸ'ದಲ್ಲಿ ಒಂದು ಸಣ್ಣ ಸೀಟಿ ಬಂದಿರಬೇಕು, ನಗೆಯಲ್ಲಿ ಮುಚ್ಚಿಹೋಯಿತು. ರುಕ್ಮಿಣಿಬಾಯಿಯ ಜೀವಕ್ಕೆ ಹಾಯೆನಿಸಿತು. ಬಂತು, ಹಾಡು ಬಂತು! ಶಾಂತಾಬಾಯಿ ಚಪ್ಪಾಳೆಯ ತಾಳ ಹಾಕಿ ಉತ್ತರ ಕೊಟ್ಟಳು.

ಅಮದಾವಾದದ ಬೀಗರು ಅರ್ಧಾ ಕಪ್ಪು ಚಾ ಕೊಟ್ಟು
ಉಳಿದರ್ಧ ಮುಚ್ಚಿಟ್ಟಾರ ಮೊಮ್ಮಕ್ಕಳ ಮುಂಜಿವಿಗೆ

ಅಹಮದಾಬಾದಿನವರ ಕೈಬಿಗಿತವೂ ಅಷ್ಟೇ ಹೆಸರುವಾಸಿ. ಆಮೇಲೆ ಶಾಂತಾಬಾಯಿ ಭೀಮಸೇನರಾಯರ ಬೋಳುತಲೆಗೆ ಬಂದಳು, ಹಾಡಿನಲ್ಲೇ ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಂಡಳು. ತಾರಾಳ ಅಡಿಗೆಗೆ ಬಂದಳು, ಅಳಿಯನ ರೈಲು ತಡವಾಗುವುದಕ್ಕೆ ಬಂದಳು. ಮುಂದಿನ ಹೆಸರು ತನ್ನದೇ ಎಂದು ರುಕ್ಮಿಣಿಬಾಯಿ ಸೆರಗು ಬಿಗಿದು ನೆಟ್ಟಗೆ ಕೂತಳು. ಶಾಂತಾಬಾಯಿ ಪುರೋಹಿತರ ಜುಟ್ಟಿಗೆ ಹೋದಳು.

ಆಹಾ, ಹಿಡಿಯಲು ಏನೂ ಸಿಗಲಿಲ್ಲ ಇವಳಿಗೆ ಎಂದುಕೊಂಡಳು ರುಕ್ಮಿಣಿಬಾಯಿ. ಸಾಲು ಹಿಡಿದು ನಿಂತ ಹಲ್ಲಿನ ಮೇಲೆ ಹೆಮ್ಮೆಯೆನಿಸಿತು. ತಾನು ಇನ್ನೆರಡು ಹಾಡಿದಳು, ಒಂದಕ್ಕಿಂತ ಒಂದು ಚುರುಕು. ಶಾಂತಾಬಾಯಿ ಮತ್ತೆ ಉತ್ತರ ಕೊಟ್ಟಳು: ಅಡಿಗೆಯವನನ್ನು ಹಾಡಿದಳು, ವಾಲಗದವನನ್ನು ಹಾಡಿದಳು, ದೂರದ ಸೋದರತ್ತೆಯನ್ನು ಹುಡುಕಿ ಹಾಡಿದಳು. ರುಕ್ಮಿಣಿಬಾಯಿಯ ಹೆಸರು ಬರಲಿಲ್ಲ. ಹಾಡು ಅವಳ ಹತ್ತಿರ ಬಂದು, ಬಳಸಿಕೊಂಡು, ಮುಂದೆ ಹೋಗುತ್ತಿತ್ತು.

ಆಗ ರುಕ್ಮಿಣಿಬಾಯಿ ಎದುರಾಳಿಯ ಕಣ್ಣನ್ನು ನೋಡಿದಳು. ಆ ಕಣ್ಣಲ್ಲಿ ಎಂದೂ ಇಲ್ಲದ ಮರುಕವಿತ್ತು. ಹಿಂದಿನಿಂದ ಗಂಡಿನ ಕಡೆಯ ಹೆಂಗಸೊಬ್ಬಳು, "ಒರಗಿಕೊಳ್ರಿ ಅಜ್ಜಿ, ದಣಿವಾಗತದ," ಎಂದು ಲೋಡು ಸರಿಸಿದಳು. ಇನ್ನೊಬ್ಬಳು ಬಿಸಿ ಹಾಲಿನ ಲೋಟ ತಂದಿಟ್ಟಳು. ಕಂಬದ ಹತ್ತಿರ ನಿಂತಿದ್ದ ತಾರಾ, ತಾಯಿಯ ನೋಟ ತನ್ನ ಕಡೆ ತಿರುಗಿದ ಕೂಡಲೆ ತಲೆ ತಗ್ಗಿಸಿ ಉಗುರು ನೋಡಿಕೊಂಡಳು. ಎಲ್ಲ ತಿಳಿಯಿತು. ಅವ್ವನ ಸುದ್ದಿ ಎತ್ತಬೇಡಿ ಎಂದು ಮಗಳು ಬೀಗಿತ್ತಿಯ ಕೈ ಹಿಡಿದು ಬೇಡಿಕೊಂಡಿದ್ದಾಳೆ. ಬೀಗಿತ್ತಿ ದೊಡ್ಡ ಮನಸ್ಸು ಮಾಡಿದ್ದಾಳೆ.

ರುಕ್ಮಿಣಿಬಾಯಿಗೆ ಹಲ್ಲು ಕೀಳಿಸುವಾಗ ಆಗದ ನೋವು ಆಗ ಆಯಿತು. ಸೂತಕದವರು, ಬೇನೆಯವರು, ಮೂಲೆ ಹಿಡಿದವರು. ಆ ಸಾಲಿನಲ್ಲಿ ತನ್ನನ್ನೂ ಕೂಡಿಸಿಬಿಟ್ಟರು, ಬೆನ್ನಿಗೊಂದು ಲೋಡು ಕೊಟ್ಟು. ಹಾಗಾದರೆ ಇಷ್ಟೆಲ್ಲ ಯಾಕೆ ಮಾಡಿದೆ? ಹುಣ್ಣು ನುಂಗಿಕೊಂಡು, ಮಾಳಿಗೆ ಹತ್ತಿ, ನಾಲಿಗೆಗೆ ಹೊಸದಾಗಿ ಅಕ್ಷರ ಕಲಿಸಿ? ಮೊಮ್ಮಗಳ ಮದುವೆಯಲ್ಲಿ ಬಿಸಿ ಹಾಲು ಕುಡಿಯುವುದಕ್ಕೇ? ಅಳು ಬಂದರೆ ಹಲ್ಲು ಸಡಿಲಾಗುತ್ತದೆಂದು ಅದನ್ನೂ ತಡೆದುಕೊಂಡಳು. ಲೋಡನ್ನು ಹಿಂದಕ್ಕೆ ನೂಕಿದಳು. ಹಾಲಿನ ಲೋಟವನ್ನು ಪಕ್ಕದವಳ ಕೈಗಿಟ್ಟಳು. ತನ್ನ ಸರದಿಯಲ್ಲದಿದ್ದರೂ ದನಿ ಎತ್ತಿದಳು.

ಎಲ್ಲಾರ ಹೆಸರ ಹಾಡಿದಿ, ಏ ಶಾಂತಾ ಬೀಗಿತ್ತಿ
ನನ್ನ ಹೆಸರ ನುಂಗಿದಿಯೇನ, ಹೋಳಿಗಿ ಅಂತ ತಿಳದು?

ಸಭೆಯಲ್ಲಿ ಯಾರೂ ನಗಲಿಲ್ಲ. ತಾರಾ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು ನಿಂತಳು. ಶಾಂತಾಬಾಯಿ ತಾಳ ನಿಲ್ಲಿಸಿ ರುಕ್ಮಿಣಿಬಾಯಿಯನ್ನೇ ನೋಡಿದಳು. ಬೇಡುವ ಕಣ್ಣಲ್ಲ ಅದು, ಜಗಳ ಕಾಯುವ ಕಣ್ಣು. ಶಾಂತಾಬಾಯಿಯ ಮುಖದ ಮರುಕ ಮೆಲ್ಲಗೆ ಇಳಿಯಿತು. ತುಟಿಯ ಕೊನೆಯಲ್ಲಿ ಹಳೆಯ ತುಂಟತನ ಕಾಣಿಸಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ತಾಳ ಹಾಕಿ, ಇಡೀ ಕಾಲೊನಿಗೆ ಕೇಳುವಂತೆ ಎತ್ತಿದಳು.

ಮಲಗೂ ಮುಂದ ಕಳಚಿ ಗಂಡನ ಕೈಯಾಗ ಇಡತಾಳ
ಎದ್ದಕೂಡ್ಲೆ ಕೈ ಒಡ್ಡತಾಳ, ನನ್ನ ನಗಿ ಕೊಡ್ರಿ ರಾಯರ!

ಕಂಬದ ಬುಡದಲ್ಲಿ ಭೀಮಸೇನರಾಯರು ಗಾಬರಿಯಾಗಿ, "ಇಕಿಗೆ ಯಾರು ಹೇಳಿದ್ರು?" ಎಂದು ಗಟ್ಟಿಯಾಗಿಯೇ ಅಂದುಬಿಟ್ಟರು. ಶಾಂತಾಬಾಯಿ ಊಹೆಯಲ್ಲಿ ಹೊಡೆದ ಕಲ್ಲಿಗೆ ಹಣ್ಣೇ ಬಿದ್ದಿತ್ತು. ಎಲ್ಲರಿಗಿಂತ ಮೊದಲು ನಕ್ಕವಳು ರುಕ್ಮಿಣಿಬಾಯಿ. ಹೊಟ್ಟೆಯಿಂದ ಬಂದ ನಗು, ತೊಡೆ ತಟ್ಟಿಕೊಂಡು ನಗುವ ನಗು. ಅವಳು ನಕ್ಕದ್ದೇ ಸಭೆಯ ಬಾಯಿ ತೆರೆಯಿತು. ಮುದುಕಿಯರು ಕಣ್ಣೊರೆಸಿಕೊಂಡರು. ಮದುಮಗಳು ಅರಿಸಿನದ ಕೈಯನ್ನು ಬಾಯಿಗೆ ಒತ್ತಿ ನಕ್ಕಳು. ತಾರಾ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವಳಿಗೇ ಗೊತ್ತಾಗಲಿಲ್ಲ.

ಆ ನಗೆಯ ಹೊಡೆತಕ್ಕೆ ರುಕ್ಮಿಣಿಬಾಯಿಯ ಮೇಲಿನ ಸಾಲು ಸಡಿಲವಾಗಿ ಜಾರಿತು. ಇಷ್ಟು ದಿನ ಹೆದರಿದ್ದು ಇದಕ್ಕೇ. ನಡೆದದ್ದನ್ನು ಎಲ್ಲರೂ ಕಂಡರು. ಆಕೆ ಸೆರಗನ್ನು ಅಡ್ಡ ಹಿಡಿಯಲಿಲ್ಲ. ಹೆಬ್ಬೆರಳಿನಿಂದ ಹಲ್ಲನ್ನು ಮೇಲಕ್ಕೊತ್ತಿ ಕೂಡಿಸಿ, ಅಲ್ಲೇ ಇದ್ದ ತಂಬಿಗೆಯ ನೀರಿನಿಂದ ಕೈ ತೊಳೆದುಕೊಂಡಳು.

ಶಾಂತಾಬಾಯಿ ತ್ರಾಸಪಟ್ಟು ಎದ್ದು ಬಂದು ಪಕ್ಕದಲ್ಲಿ ಕುಕ್ಕರಿಸಿದಳು. "ರುಕ್ಮಿಣಕ್ಕಾ, ಏನೂ ಅನಕೋಬ್ಯಾಡ್ರಿ," ಎಂದು ಕಿವಿಯಲ್ಲಿ ಹೇಳಿದಳು. "ಗಾಡಿಯೊಳಗ ಬರೂವಾಗನ ಕಟ್ಟಿದ್ದೆ. ತಾರಾ ಕೈಮುಗದು ಬ್ಯಾಡ ಅಂದ್ಲು. ಹಂಗ ಸೂರತ್ತಿಗೆ ವಾಪಸ್ ಒಯ್ದಿದ್ರ ನನ್ನ ಹೊಟ್ಟಿ ಒಡೀತಿತ್ತು ನೋಡ್ರಿ."

"ಇದೊಂದ ಕಟ್ಟಿದ್ದೇನು?"

"ಹಲ್ಲಿನ ಮ್ಯಾಲ ಇನ್ನೂ ನಾಕ ಅವ."

"ಮತ್ತ ಇಲ್ಲ್ಯಾಕ ಕೂತಿ?" ಎಂದಳು ರುಕ್ಮಿಣಿಬಾಯಿ. "ನಿನ್ನ ಜಾಗಾಕ್ಕ ಹೋಗಿ ಹಾಡು. ನಾ ಹಲ್ಲು ಗಟ್ಟಿ ಹಿಡಕೊಂಡೀನಿ."